ಶುಕ್ರವಾರ ವೈರು ಕೀಳುತ್ತಿದ್ದವರು

ಅವರು ಒಂದು ಕೆಲಸವನ್ನು ಒಬ್ಬರಿಗೇ ಹೇಳಿ ಸುಮ್ಮನಾದದ್ದನ್ನು ನಾನು ನೋಡಿಲ್ಲ. ಪ್ರಿಂಟರಿನ ರಿಬ್ಬನ್ ತರಲು ನನ್ನನ್ನು ಅಂಗಡಿಗೆ ಕಳಿಸಿದರೆ, ಸ್ವಲ್ಪ ಹೊತ್ತು ಬಿಟ್ಟು ಜವಾನ ಹುಸೇನಪ್ಪನನ್ನೂ ಅದೇ ರಿಬ್ಬನ್ನಿಗೆ ಕಳಿಸುತ್ತಿದ್ದರು. ಅವನ ಸುದ್ದಿ ನನಗಿಲ್ಲ, ನನ್ನ ಸುದ್ದಿ ಅವನಿಗಿಲ್ಲ. ಮೊದಲ ಸಲ ಹೀಗೆ ಅಂಗಡಿಯ ಕಟ್ಟೆಯ ಮೇಲೆ ನಾವಿಬ್ಬರೂ ಎದುರಾದಾಗ ಅಂಗಡಿಯವನು ಒಮ್ಮೆ ನನ್ನ ಮುಖ, ಒಮ್ಮೆ ಅವನ ಮುಖ ನೋಡಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ವಾಪಸು ಬಂದವಳೇ ರಿಬ್ಬನ್ನನ್ನು ಅವರ ಟೇಬಲ್ಲಿನ ಮೇಲೆ ಕುಕ್ಕಿ, ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿದೆ.

“ನಿನ್ನ ಮ್ಯಾಲ ಐತಿ ತಂಗಿ,” ಅಂದರು. “ನಿನ್ನ ಚಪ್ಪಲಿ ಮ್ಯಾಲ ಇಲ್ಲ. ನಡುದಾರ್ಯಾಗ ಹರದ್ರ ಏನು ಮಾಡ್ತಿ?”

ಹೇಳುವಾಗ ನಗಲಿಲ್ಲ. ನನ್ನ ಚಪ್ಪಲಿಯನ್ನೇ ನೋಡುತ್ತಿದ್ದರು. ಅದು ಹೆಬ್ಬೆರಳಿನ ಹತ್ತಿರ ನಿಜಕ್ಕೂ ಬಾಯಿ ಬಿಟ್ಟಿತ್ತು, ಅದು ಬೇರೆ ಮಾತು.

ಇದು ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನ ಕಚೇರಿಯಲ್ಲಿ ನಡೆದದ್ದು, ತೊಂಬತ್ತರ ದಶಕ ಅರ್ಧ ದಾಟಿದ ಮೇಲೆ. ಕಾಲುವೆ ನೀರಿನ ಹಳ್ಳಿಗಳ ಭತ್ತ ಟ್ರ್ಯಾಕ್ಟರುಗಟ್ಟಲೆ ಅಲ್ಲಿಗೆ ಬರುತ್ತಿತ್ತು. ನಾನು ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬಿಲ್ಲು ಟೈಪ್ ಮಾಡುತ್ತಿದ್ದೆ. ಅವರು ಲಿಂಗಸುಗೂರಿನಿಂದ ಅದೇ ಬಸ್ಸಿಗೆ ಬರುತ್ತಿದ್ದರು. ಕಂಪ್ಯೂಟರ್ ನೋಡಿಕೊಳ್ಳಲೆಂದು ಮಿಲ್ಲಿನ ಸಾವ್ಕಾರರು ಕರೆತಂದಿದ್ದ ಮನುಷ್ಯ. ಐವತ್ತರ ಆಚೀಚಿನ ವಯಸ್ಸು, ಬಿಳಿ ಅಂಗಿ, ಅಂಗಿಗೆ ಎರಡು ಜೇಬು, ಎರಡರಲ್ಲೂ ಪೆನ್ನು. ನಾವು ಬೆನ್ನ ಹಿಂದೆ ಅವರನ್ನು ಡಬಲ್ ಸಾಹೇಬರು ಅನ್ನುತ್ತಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು; ಯಾರು ಇಟ್ಟ ಹೆಸರು ಎಂದು ಹುಸೇನಪ್ಪನನ್ನು ಒಮ್ಮೆ, ನನ್ನನ್ನು ಒಮ್ಮೆ ಬೇರೆ ಬೇರೆಯಾಗಿ ವಿಚಾರಿಸಿದ್ದರು.

ಮೊದಮೊದಲು ಅವರು ಸಾವ್ಕಾರರ ಗೂಢಚಾರ ಎಂದೇ ಎಲ್ಲರೂ ತಿಳಿದಿದ್ದೆವು. ಹಾಗೆ ತಿಳಿಯಲು ನನಗೆ ಬೇರೆಯವರಿಗಿಂತ ಹೆಚ್ಚಿನ ಕಾರಣವಿತ್ತು. ಬಸ್ಸಿನಲ್ಲಿ, ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಎಂದು ಸೋಮವಾರ ಕೇಳಿದ್ದನ್ನೇ ಗುರುವಾರವೂ ಕೇಳುತ್ತಿದ್ದರು, ಉತ್ತರ ತಾಳೆಯಾಗುತ್ತದೋ ಇಲ್ಲವೋ ನೋಡಲು. ನಾನೂ ಬಿಡುವವಳಲ್ಲ, ಬೇಕೆಂದೇ ಒಂದು ಸಲ ಇಲ್ಲದ ತಮ್ಮನೊಬ್ಬನನ್ನು ಸೇರಿಸಿ ಹೇಳಿದೆ. ಅಂದಿನಿಂದ ನನ್ನ ಮಾತಿನಲ್ಲಿ ಅರ್ಧ ಮಾತ್ರ ನಂಬತೊಡಗಿದರು.

ಸಂಜೆ ಸಿಂಧನೂರು ಸ್ಟ್ಯಾಂಡಿನಲ್ಲಿ ಅವರ ಜೊತೆ ಬಸ್ಸು ಹತ್ತುವುದೆಂದರೆ ನಾಚಿಕೆಯ ಕೆಲಸ. ಲಿಂಗಸುಗೂರು ಎಂದು ಬೋರ್ಡು ಕಣ್ಣಿಗೆ ರಾಚುವಂತೆ ಇದ್ದರೂ ಕಂಡಕ್ಟರನನ್ನು ಕೇಳುವರು. ಕಂಡಕ್ಟರ ಹೂಂ ಅಂದರೂ ಒಳಗೆ ಕುಳಿತ ಯಾರನ್ನಾದರೂ ಕೇಳುವರು. ಅದೂ ಎಂಥವರನ್ನು, ಕೈಯಲ್ಲಿ ಚೀಲ ಇರುವ ಹೆಂಗಸರನ್ನು. ಚೀಲ ಹಿಡಿದವರು ಊರು ತಪ್ಪುವುದಿಲ್ಲ ಎಂಬುದು ಅವರ ಲೆಕ್ಕ. ಒಂದು ದಿನ ನಾನು ರೇಗಿ ಅವರನ್ನು ಬಿಟ್ಟು ಮೊದಲೇ ಹತ್ತಿ ಕುಳಿತೆ. ಆ ಬಸ್ಸಿನ ಬೋರ್ಡು ಬೆಳಗಿನದು, ಬದಲಿಸಿರಲಿಲ್ಲ, ಬಸ್ಸು ರಾಯಚೂರಿಗೆ ಹೊರಟಿತ್ತು. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ಇಳಿದು ಬಿಸಿಲಲ್ಲಿ ನಡೆದು ಬಂದಾಗ ಅವರು ಸ್ಟ್ಯಾಂಡಿನಲ್ಲೇ ನಿಂತಿದ್ದರು. ನನಗಾಗಿ ಒಂದು ಬಸ್ಸು ಬಿಟ್ಟಿದ್ದರು. ಆ ದಿನ ಅವರ ಮೇಲಿನ ನನ್ನ ಸಂಶಯ ಸ್ವಲ್ಪ ಸಡಿಲವಾಯಿತು.

ಆಮೇಲೆ ಒಂದು ಹಬ್ಬಕ್ಕೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ ಅಂಗಳದಲ್ಲಿಯೇ ಸಿಕ್ಕರು, ಗಂಡನನ್ನು ಆಡಿಕೊಳ್ಳಲು ಒಬ್ಬರು ಸಿಕ್ಕರೆಂಬ ಖುಷಿಯಲ್ಲಿ. ಬಾಗಿಲಿಗೆ ಎರಡು ಬೀಗ ಇದ್ದವು, ಒಂದರ ಕೀಲಿ ಗಂಡನ ಹತ್ತಿರ, ಇನ್ನೊಂದರ ಕೀಲಿ ಹೆಂಡತಿಯ ಹತ್ತಿರ.

“ಎರಡು ಬೀಗ ಇದ್ರ ಕಳ್ಳಗ ಕಷ್ಟ ಅಂತಾರವ್ವ ನಿಮ್ಮ ಸಾಹೇಬ್ರು,” ಎಂದರು ಆಕೆ. “ಕಳ್ಳ ಇನ್ನೂ ಬಂದಿಲ್ಲ. ಒಂದು ಕೀಲಿ ಕಳದು ನಾವ ಎಷ್ಟು ಸಲ ಹೊರಗ ಕುಂತೀವಿ, ಅದನ್ನ ಕೇಳು.”

ಸಾಹೇಬರಿಗೆ ಅವಮಾನವಾಗಲಿಲ್ಲ. ಊಟಕ್ಕೆ ಕೂತವರು ಹೋಳಿಗೆ ಕೈಯಲ್ಲೇ ಹಿಡಿದು ಬಾಗಿಲನ್ನೇ ದಿಟ್ಟಿಸುತ್ತಿದ್ದರು. ಮುಂದಿನ ವಾರ ಬಸ್ಸಿನಲ್ಲಿ ಅವರಾಗಿಯೇ ಹೇಳಿದರು: ಆಕೆ ಅಂದದ್ದು ಸರಿ, ಒಂದರ ಹಿಂದೆ ಒಂದು ಇಟ್ಟರೆ ಎರಡರಲ್ಲಿ ಯಾವುದು ಕೈಕೊಟ್ಟರೂ ಕೆಲಸ ನಿಲ್ಲುತ್ತದೆ, ಒಂದರ ಪಕ್ಕ ಒಂದು ಇಟ್ಟರೆ ಮಾತ್ರ ಎರಡು ಇದ್ದದ್ದಕ್ಕೆ ಸಾರ್ಥಕ. ಒಂದು ಬೀಗ ತೆಗೆದುಹಾಕಿ, ಇದ್ದ ಬೀಗಕ್ಕೇ ಎರಡು ಕೀಲಿ ಮಾಡಿಸಿದ್ದರು.

ಈ ಡಬಲ್ ಹುಚ್ಚು ಎಲ್ಲಿಂದ ಬಂತು ಎಂದು ಕಚೇರಿಯಲ್ಲಿ ತರಾವರಿ ಕಥೆಗಳಿದ್ದವು. ಅವರಿಂದಲೇ ನಾನು ಕೇಳಿದ್ದು ಇಷ್ಟು. ಎಂಬತ್ತರ ದಶಕದಲ್ಲಿ ಅವರು ಲಿಂಗಸುಗೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಸಿಂಧನೂರಿನ ಕಡೆಗೆ ಎರಡು ಲೈನ್ ಎಳೆದಿದ್ದರಂತೆ, ಒಂದು ಹೋದರೆ ಇನ್ನೊಂದು ಇರಲಿ ಎಂದು. ಮಸ್ಕಿಯ ಹತ್ತಿರ ಲಾರಿಯೊಂದು ಕಂಬಕ್ಕೆ ಗುದ್ದಿತು. ಲೈನು ಎರಡಿದ್ದವು, ಕಂಬ ಒಂದೇ ಇತ್ತು. ಆ ದಿನವೇ ಸಿಂಧನೂರಿನ ಕಡೆಯ ಬಳಗಾನೂರಿನಲ್ಲಿ ಅವರ ಅಕ್ಕ ತೀರಿಕೊಂಡರು. ಸುದ್ದಿ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವರನ್ನು ಎತ್ತಿ ಆಡಿಸಿದ ಅಕ್ಕ. ದಿನವೆಲ್ಲ ಬೇರೆಯವರ ಸಾವಿನ ಸುದ್ದಿ ದಾಟಿಸುತ್ತಿದ್ದವನಿಗೆ ತನ್ನ ಮನೆಯ ಸುದ್ದಿಯೇ ಸಿಗಲಿಲ್ಲ ಎಂದರು. ನಾನು ಇದನ್ನೂ ಒಮ್ಮೆಗೇ ನಂಬಲಿಲ್ಲ. ಅವರ ಹೆಂಡತಿಯನ್ನು ಕೇಳಿ ಹೌದೆಂದು ತಿಳಿದ ಮೇಲೆಯೇ ನಂಬಿದ್ದು. ಅವರ ಜೊತೆ ಓಡಾಡಿ ನನಗೂ ಆ ರೋಗ ಹತ್ತಿತ್ತು.

ಇನ್ನು ಮಿಲ್ಲಿನ ಕಂಪ್ಯೂಟರಿನ ವಿಷಯ. ಸರ್ವರ್ ಎಂಬ ದೊಡ್ಡದು ಒಳಕೋಣೆಯಲ್ಲಿತ್ತು. ಗೇಟಿನಲ್ಲೊಂದು, ಟ್ರ್ಯಾಕ್ಟರು ತೂಗುವ ಕಾಟಾದ ಕೋಣೆಯಲ್ಲೊಂದು, ಭತ್ತದ ತೇವ ನೋಡುವಲ್ಲೊಂದು, ನನ್ನ ಟೇಬಲ್ಲಿನ ಮೇಲೊಂದು, ಹೀಗೆ ಚಿಕ್ಕವು. ಇವೆಲ್ಲ ಮಾತಾಡುವುದು ಸರ್ವರಿನ ಜೊತೆಗೆ. ಆ ಮಾತೆಲ್ಲ ಒಳಗೆ ಹೋಗುವ ದಾರಿ ಮಾತ್ರ ಒಂದೇ, ಅದರ ಬೆನ್ನಿಗೆ ಸಿಕ್ಕಿಸಿದ ಅಂಗೈಯಗಲದ ನೆಟ್‌ವರ್ಕ್ ಕಾರ್ಡು, ಅದಕ್ಕೊಂದು ವೈರು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಕೆಲಸ ಹಚ್ಚಿದರೆ ನನ್ನ ಪರದೆ ಮುಂದೆ ಹೋಗದೆ ನಿಂತುಬಿಡುತ್ತಿತ್ತು. ಕಾರ್ಡು ಕೈಕೊಟ್ಟಿತೆಂದರೆ ಮಿಲ್ಲೇ ನಿಂತ ಹಾಗೆ, ಟ್ರ್ಯಾಕ್ಟರುಗಳ ಸಾಲು ಹೆದ್ದಾರಿಗೆ ಹೋಗಿ ಮುಟ್ಟುತ್ತಿತ್ತು. ಮೊದಲೇ ರೈತರಿಗೆ ಕಂಪ್ಯೂಟರ್ ತೂಕ ಎಂದರೆ ಅನುಮಾನ. ಕಲ್ಲು ಇಟ್ಟು ತೂಗುವ ತಕ್ಕಡಿಯಲ್ಲಿ ಮೋಸ ಕಣ್ಣಿಗಾದರೂ ಕಾಣುತ್ತಿತ್ತು, ಇದರಲ್ಲಿ ಅದೂ ಇಲ್ಲ ಎನ್ನುತ್ತಿದ್ದರು. ನಿಂತಾಗಲೆಲ್ಲ ಒಳಗೆ ತೂಕ ತಿದ್ದುತ್ತಿದ್ದಾರೆ ಎಂದೇ ಗುಸುಗುಸು.

ಸರ್ವರಿಗೆ ಇನ್ನೊಂದು ಕಾರ್ಡು ಹಾಕೋಣ, ಎರಡನ್ನೂ ಜೋಡಿಸಿ ಒಂದರ ಹಾಗೆ ನಡೆಸೋಣ ಎಂದು ಸಾಹೇಬರು ಸಾವ್ಕಾರರ ಮುಂದೆ ಹೇಳಿದರು. ಎರಡೂ ಇದ್ದಾಗ ಹೊರೆ ಹಂಚಿಕೊಳ್ಳುತ್ತವೆ, ಒಂದು ಸತ್ತರೆ ಇನ್ನೊಂದು ಹೊರುತ್ತದೆ. ಸಾವ್ಕಾರರು ಕಣ್ಣು ಕಿರಿದು ಮಾಡಿದರು. ಇದರಲ್ಲಿ ಈತನಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ಆ ಕಣ್ಣಲ್ಲೇ ಇತ್ತು. ಒಬ್ಬ ಮನುಷ್ಯನಿಗೆ ಎರಡು ಬಾಯಿ ಬೇಕೇ ಎಂದು ಕೇಳಿದರು.

“ಬಾಯಿ ಒಂದ ಸಾಕ್ರೀ,” ಅಂದರು ಇವರು. “ಮೂಗಿನ ಹೊಳ್ಳಿ ಎರಡು ಅದಾವಲ್ರೀ. ನೆಗಡ್ಯಾಗ ಒಂದು ಕಟ್ಟಿದ್ರ ಇನ್ನೊಂದ್ರಾಗ ಉಸರಾಡ್ತೀವಿ.”

ಕಾರ್ಡು ಬಂತು. ಎರಡನೆಯ ವೈರನ್ನು ಮೊದಲಿನದರ ಜೊತೆ ಎಳೆಯಲು ಅವರು ಬಿಡಲಿಲ್ಲ. ಮಿಲ್ಲಿನ ಹೆಗ್ಗಣಗಳಿಗೆ ಒಂದೇ ಊಟದಲ್ಲಿ ಎರಡೂ ಸಿಗಬಾರದೆಂದು ಅದನ್ನು ಹಿಂದಿನ ಗೋಡೆಯ ಮೇಲಿಂದ ತಂದರು, ವೈರುಗಳೆಲ್ಲ ಬಂದು ಸೇರುವ ಡಬ್ಬಿಯೂ ಅದಕ್ಕೆ ಬೇರೆ, ಕರೆಂಟೂ ಬೇರೆ. ವೈರು ಇಷ್ಟು ಸುತ್ತಿ ಬಂದದ್ದಕ್ಕೂ ನಾವು ಬೇರೆ ಅರ್ಥ ಹಚ್ಚಿದೆವು, ವೈರಿನ ಅಂಗಡಿ ಇವರ ಸಂಬಂಧಿಕರದ್ದಿರಬೇಕು ಎಂದು. ಅಂಗಡಿಯವನು ಗುಜರಾತಿನ ಕಡೆಯವನು ಎಂದು ಆಮೇಲೆ ಗೊತ್ತಾಯಿತು.

ಆ ಸುಗ್ಗಿ ಸರಾಗವಾಗಿ ಹೋಯಿತು. ಪರದೆ ನಿಲ್ಲಲಿಲ್ಲ, ಚೀಟಿ ಟಕಟಕ ಬಂದವು. ಬೇರೆ ಯಾರಾದರೂ ಆಗಿದ್ದರೆ ಕಾಲು ಚಾಚಿ ಕೂರುತ್ತಿದ್ದರು. ಇವರಿಗೆ ಅದೇ ಚಿಂತೆಯಾಯಿತು. ಒಂದು ಕಳ್ಳೆತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ ನಟಿಸಿದರೂ ಬಂಡಿ ಹೋಗುತ್ತಿರುತ್ತದೆ, ಇನ್ನೊಂದು ಎಳೆಯುತ್ತಿರುತ್ತದಲ್ಲ. ಬಂಡಿ ಹೋಗುತ್ತಿದೆ ಎಂದು ನಂಬಿ ಕೂತರೆ ಕಳ್ಳೆತ್ತು ಯಾವುದೆಂದು ತಿಳಿಯುವುದು ಹೇಗೆ? ಹಾಗಾಗಿ ಒಂದು ಪದ್ಧತಿ ಮಾಡಿಕೊಂಡರು. ಪ್ರತಿ ಶುಕ್ರವಾರ ಕೆಲಸ ಜೋರಾಗಿ ನಡೆದಿರುವಾಗಲೇ ಒಳಕೋಣೆಗೆ ಹೋಗಿ ಒಂದು ವೈರನ್ನು ಕಿತ್ತುಬಿಡುವರು. ಕೆಲಸ ನಡೆಯಿತೇ, ಸರಿ, ಮತ್ತೆ ಸಿಕ್ಕಿಸುವರು. ಮುಂದಿನ ಶುಕ್ರವಾರ ಇನ್ನೊಂದು.

ಒಂದು ಶುಕ್ರವಾರ ಕಿತ್ತ ಕೂಡಲೇ ಎಲ್ಲವೂ ನಿಂತಿತು. ಗೇಟಿನಿಂದ ಗುಮಾಸ್ತ ಬಸವರಾಜ ಬೈಯುತ್ತ ಓಡಿ ಬಂದ. ನಾನೂ ಎದ್ದು ಹೋದೆ. ಇನ್ನೊಂದು ಕಾರ್ಡು ಯಾವಾಗಲೋ ಸತ್ತಿತ್ತು, ಹಸಿರು ದೀಪ ಮಾತ್ರ ಉರಿಯುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಇವರ ಮುಖ ನೋಡಬೇಕಿತ್ತು, ಮಗಳಿಗೆ ವರ ಸಿಕ್ಕಷ್ಟು ಸಂತೋಷ. ಸತ್ತ ಕಾರ್ಡನ್ನು ಎತ್ತಿ ಹಿಡಿದು ಬಸವರಾಜನಿಗೆ ತೋರಿಸಿ, ದೀಪವನ್ನೂ ನಂಬಬಾರದು ನೋಡು ಎಂದರು. ಬಸವರಾಜನಿಗೆ ಕಂಡದ್ದು ಬೇರೆ. ಕೆಲಸ ನಡೆದಾಗ ಬೇಕೆಂದೇ ವೈರು ಕೀಳುವ ಮನುಷ್ಯನ ಮನಸ್ಸಿನಲ್ಲಿ ಏನೋ ಇದೆ ಎಂದು ಅವನು ಊರಲ್ಲೆಲ್ಲ ಹೇಳಿಕೊಂಡು ಬಂದ.

ಜವಳಗೇರಾದ ಯಂಕಪ್ಪನವರು ಬಂದದ್ದು ಅಂಥದೇ ಒಂದು ಶುಕ್ರವಾರ. ಎಪ್ಪತ್ತರ ಹತ್ತಿರದ ರೈತ. ಭತ್ತ ಮಾರಲು ಬಂದರೆ ಮಗನನ್ನೂ ನಂಬದೆ ತಾವೇ ಟ್ರ್ಯಾಕ್ಟರಿನ ಮಡ್ಗಾರ್ಡಿನ ಮೇಲೆ ಕೂತು ಬರುತ್ತಿದ್ದವರು. ಟ್ರ್ಯಾಕ್ಟರು ಕಾಟಾದ ಮೇಲೆ ನಿಂತಿತ್ತು. ಯಂಕಪ್ಪನವರು ಸುತ್ತ ಕಣ್ಣು ಹಾಯಿಸುತ್ತಿದ್ದವರು ಒಳಕೋಣೆಯ ಕಿಟಕಿಯಲ್ಲಿ ನೋಡಿದರೆ, ಸಾಹೇಬರ ಕೈ ಕಂಪ್ಯೂಟರಿನ ಬೆನ್ನ ಹಿಂದೆ, ಕೈಯಲ್ಲಿ ಕಿತ್ತ ವೈರು. ಚೀಟಿ ಬಂತು, ತೂಕ ಅವರ ಅಂದಾಜಿಗಿಂತ ಕಡಿಮೆ ಇತ್ತು. ಅವರು ಕೂಗಾಡಲಿಲ್ಲ. ಟ್ರ್ಯಾಕ್ಟರನ್ನು ಅಲ್ಲೇ ಬಂದ್ ಮಾಡಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಟಾದ ನಡುವೆ ಕೂತುಬಿಟ್ಟರು. ಹಿಂದಿನ ಟ್ರ್ಯಾಕ್ಟರಿನವರೆಲ್ಲ ಇಳಿದು ಬಂದರು. ನಮ್ಮ ತೂಕವನ್ನೂ ಹೀಗೇ ಹೊಡೆದಿದ್ದಾರೆ ಎಂಬ ಮಾತು ಗಾಳಿಯ ಹಾಗೆ ಹಬ್ಬಿತು.

ಸಾಹೇಬರು ಹೊರಗೆ ಬಂದರು. ಯಂಕಪ್ಪನವರನ್ನೇ ಒಳಗೆ ಕರೆದುಕೊಂಡು ಹೋಗಿ, ಮತ್ತೆ ತೂಗಿಸಿ, ಒಂದು ವೈರು ಕಿತ್ತು ತೂಕ ತೋರಿಸಿದರು. ಅದನ್ನು ಸಿಕ್ಕಿಸಿ ಇನ್ನೊಂದನ್ನು ಕಿತ್ತು ತೋರಿಸಿದರು. ಎರಡೂ ಸಲ ಅದೇ ತೂಕ. ನೋಡಿರಿ, ವೈರಿಗೂ ತೂಕಕ್ಕೂ ಸಂಬಂಧವಿಲ್ಲ, ಎರಡೂ ಒಂದೇ ಹೇಳುತ್ತಿವೆ ಎಂದರು. ಬಾಗಿಲಲ್ಲಿ ನಿಂತ ನನಗೆ ಇಲ್ಲಿಗೆ ಮುಗಿಯಿತು ಅನ್ನಿಸಿತು.

ಯಂಕಪ್ಪನವರು ತಲೆಯ ರುಮಾಲು ಸರಿಮಾಡಿಕೊಂಡರು. “ಎರಡೂ ನಿಮ್ಮ ಮನೀವ ಅಲ್ಲೇನ್ರೀ. ಅಣ್ಣ ಸುಳ್ಳು ಹೇಳಿದ್ರ ತಮ್ಮ ಹೌದು ಅಂತಾನ. ಅದೇನು ಸಾಕ್ಷಿ ಆತು?”

ಸಾಹೇಬರ ಮುಖ ಮೆಲ್ಲಗೆ ಅರಳಿತು. ಜೀವಮಾನದಲ್ಲಿ ತನ್ನಷ್ಟೇ ಸಂಶಯದ ಮನುಷ್ಯ ಮೊದಲ ಸಲ ಎದುರಿಗೆ ಸಿಕ್ಕಿದ್ದ. ಖರೆ ಐತ್ರೀ, ಎಂದರು. ಊರಲ್ಲಿ ಬೇರೆ ಕಾಟಾ ಇದೆ, ಹೊರೆ ಇಳಿಸದೆ ಹೀಗೇ ಅಲ್ಲಿಗೆ ಹೋಗೋಣ, ನಾನೂ ಬರುತ್ತೇನೆ ಎಂದರು. ಸಾವ್ಕಾರರು ಊರಲ್ಲಿರಲಿಲ್ಲ, ತಡೆಯುವವರಿರಲಿಲ್ಲ. ಮಡ್ಗಾರ್ಡಿನ ಒಂದು ಕಡೆ ಯಂಕಪ್ಪನವರು, ಇನ್ನೊಂದು ಕಡೆ ಬಿಳಿ ಅಂಗಿಯ ಸಾಹೇಬರು ಕೂತು ಹೊರಟರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಬೇರೆ ಕಾಟಾದಲ್ಲಿ ತೂಕ ಹೆಚ್ಚು ಬಂತು. ಎರಡು ಕಾಟಾ ಎರಡು ಮಾತು ಹೇಳಿದರೆ ಯಾವುದನ್ನು ನಂಬುವುದು ಎಂದು ಮೂರನೆಯದಕ್ಕೆ ಹೋಗೋಣವೆಂದು ಹಟ ಹಿಡಿದವರು ಸಾಹೇಬರೇ. ಮೂರನೆಯದು ಎರಡನೆಯದರ ಜೊತೆ ಸೇರಿತು. ತಿರುಗಿ ಬಂದವರು ನೀರು ಕೂಡ ಕುಡಿಯದೆ ನಮ್ಮ ಕಾಟಾದ ಕೋಣೆಗೆ ಹೋದರು. ಖಾಲಿ ಟ್ರ್ಯಾಕ್ಟರು ನಿಲ್ಲಿಸಿ ನೋಡಿದರು, ಹೊರೆ ಇದ್ದದ್ದು ನಿಲ್ಲಿಸಿ ನೋಡಿದರು. ಖಾಲಿಯದಕ್ಕೆ ಸರಿಯಾದ ತೂಕ, ಹೊರೆ ಬಂದರೆ ತುಸು ಕಡಿಮೆ. ಅಲ್ಲಿನ ಅಂಕಿಯನ್ನೂ ನನ್ನ ಪರದೆಯ ಅಂಕಿಯನ್ನೂ ನನ್ನಿಂದ ಓದಿಸಿದರು, ಎರಡೂ ಒಂದೇ. ಅಂದರೆ ತೂಕ ಹುಟ್ಟುವಾಗಲೇ ಸುಳ್ಳಾಗಿ ಹುಟ್ಟುತ್ತಿತ್ತು. ಕಾಟಾದ ಪೆಟ್ಟಿಗೆಗೆ ಬೀಗವಿತ್ತು, ಅದರ ಕೀಲಿ ಸಾವ್ಕಾರರ ಬಳಿ ಮಾತ್ರ ಇರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ನಾನು ಹೆಚ್ಚಿಗೆ ಹೇಳುವುದೇನಿದೆ.

ಸಾವ್ಕಾರರು ಮಧ್ಯಾಹ್ನದ ಹೊತ್ತಿಗೆ ಬಂದರು. ಅಂಗಳದಲ್ಲಿ ಜನ ತುಂಬಿದ್ದರು. ಸಾಹೇಬರನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ನನ್ನ ಟೇಬಲ್ಲಿಗೂ ಅವರ ಕೋಣೆಗೂ ನಡುವೆ ಪ್ಲೈವುಡ್ಡಿನ ತಡಿಕೆ ಅಷ್ಟೇ. ಸಾವ್ಕಾರರ ದನಿ ಬೆಣ್ಣೆಯಂತೆ ಇತ್ತು.

“ವೈರು ಕಿತ್ತಿದ್ದಕ್ಕ ಕಂಪ್ಯೂಟರ್ ಕೆಟ್ಟು ತೂಕ ತಪ್ಪೈತಿ ಅಂತ ಒಂದು ಮಾತು ಹೇಳಿಬಿಡ್ರಿ. ನೀವು ಕಿತ್ತಿದ್ದು ಮಂದಿ ನೋಡ್ಯಾರ, ನಂಬ್ತಾರ. ನಿಮ್ಮ ನೌಕರಿ ನಿಮಗ ಇರ್ತೈತಿ.”

ಒಂದು ಮಾತು ಹೇಳಿದರೆ ನೌಕರಿ ಉಳಿಯುತ್ತದೆ, ಹೇಳದಿದ್ದರೆ ನೌಕರಿಯ ಜೊತೆ ಹೆಸರೂ ಹೋಗುತ್ತದೆ, ಏಕೆಂದರೆ ವೈರು ಅವರ ಕೈಯಲ್ಲಿದ್ದದ್ದನ್ನು ಊರೇ ನೋಡಿತ್ತು.

“ವೈರು ಒಂದಕ್ಷರ ತಪ್ಪು ಹೇಳಿಲ್ರೀ ಸಾವ್ಕಾರ್ರ,” ಅಂದರು ಸಾಹೇಬರು. “ಕಾಟಾ ಏನು ಹೇಳಿತೋ ಅದನ್ನ ಹಂಗ ತಂದು ಕೊಟ್ಟಾವ. ನನಗ ಅದ ಸಂಕಟ ಆಗೈತಿ. ನಿಮ್ಮ ಸುಳ್ಳು ಎಲ್ಲೂ ನಿಲ್ಲದಂಗ ಓಡ್ಲಿ ಅಂತ ನಾನ ಎರಡು ದಾರಿ ಮಾಡಿಕೊಟ್ಟೀನಿ.”

ಹೊರಗೆ ಬಂದು ಜನರಿಗೂ ಅದನ್ನೇ ಹೇಳಿದರು. ಹಿಂದೆಯೇ ಬಂದ ಸಾವ್ಕಾರರು, ಈತನೇ ವಾರವಾರ ವೈರು ಕಿತ್ತು ತೂಕ ಕೆಡಿಸಿದವನು, ಹೊರಗಿನ ಮಿಲ್ಲಿನವರ ಜೊತೆ ಸೇರಿಕೊಂಡಿದ್ದಾನೆ ಎಂದರು. ಬಸವರಾಜ ಹೌದು ಹೌದೆಂದು ತಲೆಯಾಡಿಸಿದ. ನಾನು ಮುಂದೆ ಹೋಗಿ, ಕಾಟಾದ ಅಂಕಿ, ಪರದೆಯ ಅಂಕಿ ಎರಡೂ ಒಂದೇ ಇದ್ದವು, ನಾನೇ ಓದಿದ್ದೇನೆ ಎಂದೆ. ಗುಂಪಿನಲ್ಲಿ ಯಾರೋ, ಇಬ್ಬರೂ ಒಂದೇ ಬಸ್ಸಿಗೆ ಬರುವವರು ಎಂದರು. ನಾಲ್ಕು ಜನ ನಕ್ಕರು. ನನ್ನ ಸಾಕ್ಷಿ ಅಲ್ಲಿಗೆ ಮುಗಿಯಿತು. ಆ ನಗು ಇವತ್ತಿಗೂ ನೆನಪಾದರೆ ಸಿಟ್ಟು ಬರುತ್ತದೆ. ಯಂಕಪ್ಪನವರು ಯಾರ ಪರವೂ ಮಾತಾಡಲಿಲ್ಲ. ಸಾಹೇಬರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಭತ್ತ ಇಳಿಸದೆ ಟ್ರ್ಯಾಕ್ಟರು ತಿರುಗಿಸಿಕೊಂಡು ಹೋದರು.

ಅಂದು ಸಂಜೆ ನಾವಿಬ್ಬರೂ ಕೊನೆಯ ಸಲ ಆ ಬಸ್ಸು ಹತ್ತಿದೆವು. ಮಾರನೆಯ ದಿನದಿಂದ ನನಗೂ ಬರಬೇಡ ಎಂದಿದ್ದರು. ಮಿಲ್ಲಿನವರು ಕಾಟಾ ರಿಪೇರಿ ಮಾಡಿಸಿ ಹೂವು ಏರಿಸಿ ಮತ್ತೆ ತೂಗಲು ಶುರುಮಾಡಿದರು. ಊರ ಬಾಯಲ್ಲಿ ಉಳಿದದ್ದು ಮಾತ್ರ ಒಂದೇ, ಕಂಪ್ಯೂಟರಿನವನು ವೈರು ಕಿತ್ತು ಭತ್ತ ಹೊಡೆದ ಎಂದು.

ಅವರು ಲಿಂಗಸುಗೂರಿನಲ್ಲಿ ಎಸ್‌ಟಿಡಿ ಬೂತ್ ಹಾಕಿದರು. ನನಗೆ ಅಲ್ಲೇ ಒಂದು ಶಾಲೆಯ ಕಚೇರಿಯಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ಸಂಜೆ ಬಸ್ಸಿಗೆ ಹೊತ್ತಿದ್ದರೆ ಬೂತಿನಲ್ಲಿ ಕೂತು ಹರಟುತ್ತಿದ್ದೆ. ಸಿಂಧನೂರಿನ ಸುದ್ದಿ ಬಂದರೆ ಮಾತು ತಿರುಗಿಸುತ್ತಿದ್ದರು. ಆ ಕಡೆಯವರು ಯಾರಾದರೂ ಫೋನಿಗೆ ಬಂದರೆ ಮೀಟರನ್ನು ಅವರ ಕಡೆಗೇ ತಿರುಗಿಸಿಡುತ್ತಿದ್ದರು, ನೋಡಿಕೊಳ್ಳಲಿ ಎಂದು. ಕಳ್ಳ ಅನ್ನಿಸಿಕೊಂಡದ್ದು ಅವರನ್ನು ಒಳಗೊಳಗೇ ತಿಂದಿತ್ತು. ಮುಂದಿನ ಬೆಳೆ ಬಂದಾಗ ಒಂದು ಸಂಜೆ ನೋಡಿದರೆ ಮುಖದಲ್ಲಿ ಹಳೆಯ ಕಳೆ ಇತ್ತು. ಯಂಕಪ್ಪನವರು ವಿಳಾಸ ಹುಡುಕಿಕೊಂಡು ಬಂದಿದ್ದರಂತೆ. ಭತ್ತ ಬೇರೆ ಮಿಲ್ಲಿಗೆ ಹಾಕುತ್ತಿದ್ದೇನೆ, ತೂಗುವಾಗ ನೀವು ಪಕ್ಕದಲ್ಲಿ ನಿಲ್ಲಬೇಕು ಎಂದರಂತೆ. ಅಂತೂ ನನ್ನ ಮೇಲೆ ನಂಬಿಕೆ ಬಂತಲ್ಲ ಎಂದು ಇವರು ಕೇಳಿದ್ದಕ್ಕೆ ಮುದುಕ ಹೇಳಿದ ಮಾತನ್ನು ಸಾಹೇಬರು ನನ್ನ ಮುಂದೆ ಮತ್ತೆ ಮತ್ತೆ ಹೇಳಿ ನಕ್ಕರು: “ನಂಬಿಕಿ ಅಲ್ರೀ. ನಾ ಒಬ್ಬಾವ ನೋಡಿದ್ರ ಸಾಲಂಗಿಲ್ಲ, ಅದಕ್ಕ ಬಂದೀನಿ.”

ಆಮೇಲೆ ಪ್ರತಿ ಬೆಳೆಗೂ ಅವರು ಜವಳಗೇರಾಕ್ಕೆ ಹೋಗಿ ಬರುತ್ತಿದ್ದರು. ಅದಕ್ಕೆಂದು ಆ ಒಂದು ದಿನ ಬೂತ್ ಮುಚ್ಚುತ್ತಿದ್ದರು, ಅಷ್ಟೇ. ದಶಕ ಮುಗಿಯುವ ಹೊತ್ತಿಗೆ, ಬೇಸಿಗೆ ಬೆಳೆ ಕೊಯ್ಲಿಗೆ ಬಂದಾಗ, ಎದೆನೋವೆಂದು ಕೂತವರು ಏಳಲಿಲ್ಲ.

ಕೆಲವು ವಾರಗಳ ನಂತರ ಏನೋ ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಬಸವರಾಜ ಸಿಕ್ಕ. ಭತ್ತ ಹೊಡೆದವನು ಹೋದನಂತಲ್ಲ ಎಂದ, ಹವೆಯ ಮಾತು ಆಡಿದಷ್ಟು ಸಲೀಸಾಗಿ. ನನಗೆ ತಡೆಯಲಾಗಲಿಲ್ಲ. ಭತ್ತ ಹೊಡೆದವನಾಗಿದ್ದರೆ ಯಂಕಪ್ಪನವರು ಪ್ರತಿ ಬೆಳೆಗೂ ಅವರನ್ನೇ ಯಾಕೆ ಕರೆಯುತ್ತಿದ್ದರು ಎಂದು ಎಲ್ಲವನ್ನೂ ಹೇಳಿದೆ. ಬಸವರಾಜ ಎಲೆ ಅಡಿಕೆ ಜಗಿಯುತ್ತ ಕೇಳಿದ.

“ಇದನ್ನ ನಿನಗ ಹೇಳ್ದವ್ರು ಯಾರು?”

ಅವರೇ ಎಂದೆ.

“ಮತ್ತ,” ಎಂದು ಹೇಳಿ ಅವನು ತನ್ನ ಬಸ್ಸಿನ ಕಡೆ ಹೋದ.

ನಾನು ಅಲ್ಲೇ ನಿಂತೆ. ಯಂಕಪ್ಪನವರನ್ನು ಆ ಶುಕ್ರವಾರದ ನಂತರ ನಾನು ಕಂಡಿರಲಿಲ್ಲ. ಜವಳಗೇರಾದ ಮಾತೆಲ್ಲ ನನಗೆ ಬಂದದ್ದು ಒಂದೇ ಬಾಯಿಂದ, ಅದೂ ಹೆಸರು ಕೆಟ್ಟವರ ಬಾಯಿಂದ. ಹೆಸರು ಕೆಟ್ಟವನು ತನ್ನನ್ನು ಸಮಾಧಾನ ಮಾಡಿಕೊಳ್ಳಲು ಏನನ್ನಾದರೂ ಕಟ್ಟಿ ಹೇಳಬಹುದು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು, ಆದರೂ ಅನ್ನಿಸಿದ್ದು ಹೋಗಲಿಲ್ಲ. ಮಸ್ಕಿಯ ಬಸ್ಸು ಬಿಟ್ಟು ರಾಯಚೂರಿನ ಬಸ್ಸು ಹತ್ತಿ ಜವಳಗೇರಾದಲ್ಲಿ ಇಳಿದೆ.

ಯಂಕಪ್ಪನವರು ಮನೆಯ ಮುಂದಿನ ಕಣದಲ್ಲಿದ್ದರು. ಬಹಳ ಬಾಗಿದ್ದರು. ಹಿಂದೆ ಮಿಲ್ಲಿನಲ್ಲಿ ಬಿಲ್ಲು ಬರೆಯುತ್ತಿದ್ದವಳು ಎಂದೆ. ಕೂರು ಅನ್ನಲಿಲ್ಲ. ಸಾಹೇಬರು ಇಲ್ಲಿಗೆ ಬರುತ್ತಿದ್ದದ್ದು ನಿಜವೇ ಎಂದು ಕೇಳಿದೆ. ಯಾಕೆ ಕೇಳುತ್ತೀ, ನಿನ್ನನ್ನು ಯಾರು ಕಳಿಸಿದರು ಎಂದರು. ಯಾರೂ ಕಳಿಸಿಲ್ಲ, ನಾನಾಗಿಯೇ ಬಂದೆ ಎಂದೆ. ಬಹಳ ಹೊತ್ತು ನನ್ನ ಮುಖ ನೋಡಿದರು. ಸುತ್ತಲಿನ ಕಣಗಳೆಲ್ಲ ಗುಡಿಸಿದ ಹಾಗೆ ಖಾಲಿ ಇದ್ದವು. ಇವರ ಹಿಂದೆ ಮಾತ್ರ ತಾಡಪಾಲು ಹೊದಿಸಿ ಹಗ್ಗ ಬಿಗಿದ ಭತ್ತದ ದೊಡ್ಡ ರಾಶಿ ಇತ್ತು.

“ಊರಾಗ ಎಲ್ಲಾರ್ದೂ ಹೋಗೈತಿ, ನಂದ ಉಳದೈತಿ,” ಎಂದರು. “ಮಳಿ ಬಂದ್ರ ಕೆಡ್ತೈತಿ ಅಂತ ಮಗ ದಿನಾ ಜಗಳ ತಗೀತಾನ. ಸಾಹೇಬ್ರು ಬರ್ಲಿ, ತೂಗೋಣು ಅಂತ ಕುಂತೀನಿ. ಈ ಸಲ ಯಾಕ ತಡಾ ಮಾಡ್ಯಾರ? ಆರಾಮಿಲ್ಲೇನು?”

ನಾನು ಕೇಳಲು ಹೋದವಳು, ಹೇಳಬೇಕಾಯಿತು. ಹೇಳಿದೆ. ಅವರು ಅಳಲಿಲ್ಲ, ಅಯ್ಯೋ ಅನ್ನಲಿಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

“ನೀ ಒಬ್ಬಾಕಿ ಬಂದು ಹೇಳಿದ್ರ ನಾ ನಂಬಂಗಿಲ್ಲವ್ವ,” ಎಂದರು. “ಇನ್ನೊಬ್ರು ಬಂದು ಹೇಳ್ಲಿ.”

ಆಮೇಲೆ ನನಗೆ ಬೆನ್ನು ಮಾಡಿ, ತಾಡಪಾಲಿನ ಹಗ್ಗವನ್ನು ಮತ್ತೆ ಬಿಗಿಯತೊಡಗಿದರು.